‘ಗಾಸ್‌ಫರ್ಡ್ ಪಾರ್ಕ್’ ಚಿತ್ರದಲ್ಲಿ ಗುಟ್ಟಿನ ಬೆಲೆ

ಪತ್ತೇದಾರಿ ಕಥೆಯನ್ನು ಇತಿಹಾಸದ ವಿದ್ಯಾರ್ಥಿಗಳು ಗಂಭೀರವಾಗಿ ಪರಿಗಣಿಸುವುದು ಅಪರೂಪ. ಆದರೆ ರಾಬರ್ಟ್ ಆಲ್ಟ್‌ಮನ್ ನಿರ್ದೇಶಿಸಿ, ಜೂಲಿಯನ್ ಫೆಲೋಸ್ ಚಿತ್ರಕಥೆ ಬರೆದು, 2001ರಲ್ಲಿ ತೆರೆಕಂಡ ‘ಗಾಸ್‌ಫರ್ಡ್ ಪಾರ್ಕ್’ ಎಂಬ ಇಂಗ್ಲಿಷ್ ಚಲನಚಿತ್ರವು, ಸಮಾಜದಲ್ಲಿ ಯಾರ ಗುಟ್ಟಿಗೆ ಬೆಲೆಯುಂಟು, ಯಾರ ಗುಟ್ಟಿಗೆ ಇಲ್ಲ ಎಂಬ ಪ್ರಶ್ನೆಯನ್ನು ಎತ್ತುವುದರಿಂದ ನಮ್ಮ ಪರಿಶೀಲನೆಗೆ ಅರ್ಹವಾಗಿದೆ. ಕೊಲೆಗಾರರಾರೆಂಬುದನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಚಿತ್ರವನ್ನು ನೋಡದವರು ಮನ್ನಿಸಬೇಕು.

ಕಥೆ ನಡೆಯುವುದು 1932ರ ನವೆಂಬರಿನಲ್ಲಿ. ಕಾರ್ಖಾನೆಗಳಿಂದ ಸಿರಿವಂತನಾದ ಸರ್ ವಿಲಿಯಂ ಮೆಕಾರ್ಡ್‌ಲ್‌ನ ಹಳ್ಳಿಯ ಮಹಲಿಗೆ ಅತಿಥಿಗಳು ಬೇಟೆಗಾಗಿ ಬಂದಿರುತ್ತಾರೆ. ಅವರೊಡನೆ ಬಂದ ಸೇವಕರನ್ನು ಕೆಳಮಹಡಿಯಲ್ಲಿ ಅವರವರ ಯಜಮಾನರ ಹೆಸರಿನಿಂದಲೇ ಕರೆಯುವರು. ಸ್ವಂತ ಹೆಸರೂ ಅವರ ಪಾಲಿಗಿಲ್ಲ. 1931ರ ಜನಗಣತಿಯ ಕಾಲಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 13 ಲಕ್ಷ ಹೆಂಗಸರು ಮನೆಗೆಲಸದಲ್ಲಿದ್ದರೆಂಬುದನ್ನು ನೆನೆದರೆ, ಇದು ಬರಿಯ ಹಿನ್ನೆಲೆಯ ಅಲಂಕಾರವಲ್ಲವೆಂದು ತಿಳಿಯುತ್ತದೆ. ಮೇಲಂತಸ್ತಿನ ದೃಶ್ಯಗಳಲ್ಲಿ ಸೇವಕನೊಬ್ಬನಾದರೂ ಇರುವಂತೆ ಆಲ್ಟ್‌ಮನ್ ಏರ್ಪಡಿಸಿದ್ದಾರೆ. ಎಲ್ಲವೂ ಸೇವಕರ ಕಿವಿಗೆ ಬೀಳುತ್ತದೆ.

ಆದರೂ ಈ ಮನೆಯಲ್ಲಿ ಬ್ಲ್ಯಾಕ್‌ಮೇಲಿಗೆ ಕೈಹಾಕುವವನು ಸೇವಕನಲ್ಲ, ಅತಿಥಿಗಳಲ್ಲೊಬ್ಬನಾದ ಫ್ರೆಡ್ಡಿ ನೆಸ್ಬಿಟ್. ಯಜಮಾನನ ಮಗಳು ಇಸಬೆಲ್ ಗರ್ಭಪಾತ ಮಾಡಿಸಿಕೊಂಡ ಸಂಗತಿಯನ್ನು ಹಿಡಿದು, ತಂದೆಯಿಂದ ತನಗೊಂದು ಉದ್ಯೋಗ ಕೊಡಿಸೆಂದು ಅವಳನ್ನು ಪೀಡಿಸುತ್ತಾನೆ. 1861ರ ಶಾಸನದಂತೆ ಅದು ಕಠಿಣ ಶಿಕ್ಷೆಗೆ ಗುರಿಮಾಡುವ ಅಪರಾಧವಾಗಿತ್ತು. 1967ರ ಶಾಸನದಿಂದ ಆ ಬಿಗಿ ಬಹುಮಟ್ಟಿಗೆ ಸಡಿಲವಾಯಿತು. ಶಿಕ್ಷೆಯ ಭಯಕ್ಕೆ ಮನೆತನದ ಮಾನವೂ ಸೇರಿದಾಗ ಗುಟ್ಟು ಮಾರಾಟದ ಸರಕಾಗುತ್ತದೆ.

ಕೆಳಮಹಡಿಯ ಗುಟ್ಟಾದರೋ ಇದಕ್ಕಿಂತ ಘೋರವಾದುದು. ಸರ್ ವಿಲಿಯಂ ತನ್ನ ಕಾರ್ಖಾನೆಯ ಹೆಣ್ಣಾಳುಗಳನ್ನು ಕೆಡಿಸಿ, ಹುಟ್ಟಿದ ಕೂಸುಗಳನ್ನು ಒಳ್ಳೆಯ ಮನೆಗಳಿಗೆ ದತ್ತು ಕೊಡಿಸುವೆನೆಂದು ನಂಬಿಸಿ ಅನಾಥಾಲಯಕ್ಕೆ ನೂಕುತ್ತಿದ್ದನು. ಇಂಗ್ಲೆಂಡಿನಲ್ಲಿ ದತ್ತಕಕ್ಕೆ ಶಾಸನದ ಆಧಾರ ದೊರೆತುದೇ 1926ರಲ್ಲಿ. ಅದಕ್ಕೆ ಮೊದಲು ಕೂಸನ್ನು ಒಪ್ಪಿಸಿದ ತಾಯಿಗೆ ಯಜಮಾನನ ಮಾತಲ್ಲದೆ ಬೇರೆ ಯಾವ ದಾಖಲೆಯಿದ್ದೀತು? ಮನೆವಾರ್ತೆಯ ಮಿಸೆಸ್ ವಿಲ್ಸನ್ ಹಾಗೆ ಒಪ್ಪಿಸಿದವಳು. ಅಡುಗೆಯ ಮಿಸೆಸ್ ಕ್ರಾಫ್ಟ್ ಅವಳ ಸೋದರಿ. ತನ್ನ ಕೂಸನ್ನು ಬಿಟ್ಟುಕೊಡದೆ ಇಟ್ಟುಕೊಂಡು, ಅದರ ಸಾವನ್ನು ಕಂಡವಳು. ಅತಿಥಿಯೊಬ್ಬರ ಪರಿಚಾರಕನಾಗಿ ಬಂದ ರಾಬರ್ಟ್ ಪಾರ್ಕ್ಸ್ ತನ್ನ ಮಗನೆಂದೂ, ತಂದೆಯನ್ನು ಕೊಲ್ಲಲೆಂದೇ ಬಂದಿರುವನೆಂದೂ ಅರಿತ ವಿಲ್ಸನ್, ಮಗ ಕೊಲೆಗಾರನಾಗದಿರಲೆಂದು ತಾನೇ ಮೊದಲು ವಿಷವಿಕ್ಕುತ್ತಾಳೆ. ಪಾರ್ಕ್ಸ್ ಇರಿದುದು ಹೆಣವನ್ನು.

ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಥಾಂಪ್ಸನ್, ಮೃತನೊಡನೆ ನಿಜವಾದ ಸಂಬಂಧವಿದ್ದವರನ್ನು ಮಾತ್ರ ವಿಚಾರಿಸಿದರೆ ಸಾಕೆಂದು ಸೇವಕರನ್ನು ಕೈಬಿಡುತ್ತಾನೆ. ಅವನ ಪೆದ್ದುತನವನ್ನು ಕಂಡು ನಗುವುದು ಸುಲಭ. ಆದರೆ ಅದು ಅವನೊಬ್ಬನದಲ್ಲ, ಅವನ ಸಮಾಜದ್ದು. ಮಗನಿಗೂ ತಾಯಿಗೂ ನೇಣಿನಿಂದ ರಕ್ಷಣೆಯಾದುದು ಆ ತಿರಸ್ಕಾರವೇ. ನಿಜವನ್ನು ಕಂಡುಹಿಡಿದವಳು ಮೇರಿ ಎಂಬ ಹೊಸ ದಾಸಿ. ಅವಳು ಅದನ್ನು ಪೊಲೀಸರಿಗೂ ಹೇಳುವುದಿಲ್ಲ, ಯಾರಿಗೂ ಮಾರುವುದಿಲ್ಲ. ಒಡತಿಯೊಡನೆ ಕಾರು ಹತ್ತಿ ಹೊರಟುಹೋಗುತ್ತಾಳೆ.