ಗಿನಿ ಏರ್‌ವೇಸ್: ಸರಕು ಹೊತ್ತ ವಿಮಾನಗಳ ವೃತ್ತಾಂತ

ದೇಶಗಳಲ್ಲಿ ಸಂಚಾರಸೌಕರ್ಯಗಳು ಬೆಳೆಯುವುದಕ್ಕೆ ಒಂದು ಕ್ರಮವುಂಟು. ಮೊದಲು ಕಾಲುದಾರಿ, ಆಮೇಲೆ ಗಾಡಿಯ ರಸ್ತೆ, ತರುವಾಯ ರೈಲು, ಕಟ್ಟಕಡೆಗೆ ವಿಮಾನ. ವಿಮಾನವು ಎಲ್ಲಕ್ಕಿಂತ ವೆಚ್ಚದ ವಾಹನವಾದುದರಿಂದ ಅವಸರದ ಟಪಾಲಿಗೂ ಅನುಕೂಲಸ್ಥರಾದ ಪ್ರಯಾಣಿಕರಿಗೂ ಮಾತ್ರ ಅದು ಸಲ್ಲತಕ್ಕದ್ದೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಆದರೆ ಈ ಕ್ರಮವು ತಲೆಕೆಳಗಾದ ಪ್ರದೇಶವೊಂದುಂಟು. ಅಲ್ಲಿ ಕಾಲುದಾರಿಯ ಬೆನ್ನಿಗೇ ವಿಮಾನ ಬಂದಿತು. ರಸ್ತೆ ಅದರ ಹಿಂದೆ ಬಂದಿತು. ಅಕ್ಕಿಯ ಮೂಟೆ, ಹಸು, ಕುದುರೆ, ಕಬ್ಬಿಣದ ತೊಲೆ ಎಲ್ಲವೂ ಆಕಾಶಮಾರ್ಗವಾಗಿಯೇ ಸಾಗಿದುವು. ಆ ಪ್ರದೇಶ ನ್ಯೂಗಿನಿ. ಆ ಕೆಲಸವನ್ನು ನಡೆಸಿದ್ದು ಗಿನಿ ಏರ್‌ವೇಸ್ ಎಂಬ ಸಣ್ಣ ಕಂಪನಿ.

ನ್ಯೂಗಿನಿಯು ಆಸ್ಟ್ರೇಲಿಯಾದ ಉತ್ತರಕ್ಕಿರುವ ದೊಡ್ಡ ದ್ವೀಪ. ಅದರ ಈಶಾನ್ಯಭಾಗವು 1914ರವರೆಗೆ ಜರ್ಮನರ ವಶದಲ್ಲಿದ್ದು, ಮೊದಲನೆಯ ಮಹಾಯುದ್ಧವಾದ ಮೇಲೆ ಆಸ್ಟ್ರೇಲಿಯಾದ ಆಡಳಿತಕ್ಕೆ ಸೇರಿತು. 1926ರಲ್ಲಿ ಅಲ್ಲಿಯ ಈಡಿ ಕ್ರೀಕ್ ಎಂಬ ಹಳ್ಳದಲ್ಲಿ ಹೇರಳವಾಗಿ ಚಿನ್ನ ಸಿಕ್ಕಿತು. ಸಮುದ್ರತೀರದ ಸಲಮಾವಾ ಬಂದರಿನಿಂದ ಈ ಚಿನ್ನದ ಸೀಮೆಗೆ ನೇರವಾಗಿ ಅಳೆದರೆ ಸುಮಾರು 30 ಮೈಲಿ. ಆದರೆ ನಡುವೆ ದಟ್ಟವಾದ ಕಾಡು, ಕಡಿದಾದ ಬೆಟ್ಟ, ಮಳೆಗಾಲದಲ್ಲಿ ದಾಟಲಾಗದ ಹೊಳೆಗಳು. ನಡೆದು ಹೋಗುವುದಕ್ಕೆ ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಸರಕೆಲ್ಲವೂ ಅಲ್ಲಿಯ ಸ್ಥಳೀಕರಾದ ಹೊರೆಯಾಳುಗಳ ಬೆನ್ನಮೇಲೆಯೇ ಹೋಗಬೇಕಾಗಿದ್ದಿತು.

ಈ ಹೊರೆಯ ಲೆಕ್ಕವನ್ನು ಸ್ವಲ್ಪ ನೋಡೋಣ. ಒಬ್ಬ ಆಳು 50 ಪೌಂಡು ಹೊರುತ್ತಾನೆಂದೂ, ದಿನಕ್ಕೆ ಒಂದೂವರೆ ಪೌಂಡು ಅಕ್ಕಿ ಅವನಿಗೆ ಬೇಕೆಂದೂ, ಹೋಗುವುದಕ್ಕೆ 8 ದಿನ, ಬರುವುದಕ್ಕೆ 8 ದಿನವೆಂದೂ ಇಟ್ಟುಕೊಳ್ಳೋಣ. ಗಣಿಯ ಸ್ಥಳದಲ್ಲಿ ಆಹಾರವು ದುರ್ಲಭವಾದುದರಿಂದ ಅವನ 24 ಪೌಂಡು ಅಕ್ಕಿಯನ್ನು ಅವನೇ ಹೊರಬೇಕು. ಹೊರೆಯ ಅರ್ಧಭಾಗ ಹೊರುವವನ ಹೊಟ್ಟೆಗೇ ಸರಿಹೋಯಿತು; ಯಜಮಾನನಿಗೆ ತಲಪುವುದು 26 ಪೌಂಡು ಮಾತ್ರ. ದಾರಿ ಇನ್ನಷ್ಟು ಉದ್ದವಾದರೆ ಏನೂ ಉಳಿಯದು. ಜ್ವರ, ಚಳಿ, ಕಾಲುಜಾರಿ ಬೀಳುವ ಅಪಾಯ ಇವೆಲ್ಲ ಈ ಲೆಕ್ಕಕ್ಕೆ ಸೇರಿಲ್ಲ. ಅವುಗಳನ್ನು ಅನುಭವಿಸಿದವರು ಆ ಹೊರೆಯಾಳುಗಳು.

ಈ ಲೆಕ್ಕವನ್ನು ಚೆನ್ನಾಗಿ ಅರಿತವನು ಸೆಸಿಲ್ ಜಾನ್ ಲೆವಿಯನ್. ಮೊದಲು ಆ ಸೀಮೆಯಲ್ಲಿ ಸರಕಾರಿ ಅಧಿಕಾರಿಯಾಗಿದ್ದು, ಅನಂತರ ಚಿನ್ನದ ಉದ್ಯಮಕ್ಕೆ ಇಳಿದವನು. ಅವನ ಪ್ರೇರಣೆಯಿಂದ ಡಿ ಹ್ಯಾವಿಲೆಂಡ್ 37 ಎಂಬ ಒಂದು ಸಣ್ಣ ವಿಮಾನವನ್ನು ತರಿಸಲಾಯಿತು. 1927ರ ಏಪ್ರಿಲ್ ತಿಂಗಳಲ್ಲಿ ಮುಸ್ಟಾರ್ ಎಂಬ ವೈಮಾನಿಕನು ತೀರದ ಲೇ ಎಂಬ ಊರಿನಿಂದ ಹೊರಟು ಬೆಟ್ಟದ ನಡುವಣ ವಾವು ಎಂಬಲ್ಲಿ ಇಳಿದನು. ವಾರದ ದಾರಿ ಒಂದು ಗಂಟೆಯೊಳಗೆ ಮುಗಿಯಿತು. ಆ ವಿಮಾನ ಹೊರುತ್ತಿದ್ದುದು ಸುಮಾರು 600 ಪೌಂಡು. ನಾವು ಮಾಡಿದ ಲೆಕ್ಕದಂತೆ ಇದು 23 ಮಂದಿ ಆಳುಗಳ 16 ದಿನದ ದುಡಿಮೆ. ಅದೇ ವರ್ಷ ಗಿನಿ ಏರ್‌ವೇಸ್ ಕಂಪನಿ ಸ್ಥಾಪಿತವಾಯಿತು.

ಮರ ಮತ್ತು ಬಟ್ಟೆಗಳಿಂದ ಮಾಡಿದ ವಿಮಾನಗಳು ಅಲ್ಲಿಯ ಬಿಸಿಲು ಮಳೆಗಳಿಗೆ ಬಹುಕಾಲ ತಡೆಯಲಾರವು. ಆದುದರಿಂದ ಮುಸ್ಟಾರ್ ಜರ್ಮನಿಗೆ ಹೋಗಿ, ಪೂರ್ತಿಯಾಗಿ ಲೋಹದಿಂದಲೇ ಮಾಡಿದ ಯುಂಕರ್ಸ್ ಡಬ್ಲ್ಯು 34 ಎಂಬ ವಿಮಾನವನ್ನು ಆರಿಸಿ ತಂದನು. ಅದು ಹೆಚ್ಚುಕಡಿಮೆ ಒಂದು ಟನ್ನು ಹೊರುತ್ತಿತ್ತು.

ಇನ್ನು ದಿನದಿನದ ಕೆಲಸ ಹೇಗೆ ನಡೆಯುತ್ತಿತ್ತೆಂಬುದು ತಿಳಿಯತಕ್ಕ ವಿಷಯ. ಮಧ್ಯಾಹ್ನದ ಹೊತ್ತಿಗೆ ಕಣಿವೆಗಳಲ್ಲಿ ಮೋಡ ತುಂಬಿಕೊಳ್ಳುವುದರಿಂದ ಬೆಳಗಿನಲ್ಲಿಯೇ ಸಾಧ್ಯವಾದಷ್ಟು ಸಲ ಹೋಗಿ ಬರಬೇಕು. ವಾವು ಇರುವುದು 3,000 ಅಡಿಗೂ ಹೆಚ್ಚು ಎತ್ತರದಲ್ಲಿ. ಅಲ್ಲಿಯ ಇಳಿದಾಣವು ಸಮನೆಲವಲ್ಲ. ಸುಮಾರು 12 ಅಡಿಗೆ 1 ಅಡಿಯಂತೆ ಏರುವ ಇಳಿಜಾರು. ಇಳಿಯುವ ವಿಮಾನ ಏರನ್ನು ಹತ್ತುತ್ತ ವೇಗವನ್ನು ಕಳೆದುಕೊಳ್ಳಬೇಕು; ಹೊರಡುವ ವಿಮಾನ ಇಳಿಜಾರಿನಲ್ಲಿ ಓಡುತ್ತ ವೇಗವನ್ನು ಪಡೆಯಬೇಕು. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಭಾರವಾದ ವಿಮಾನ ಮೇಲೇಳುವುದು ಕಷ್ಟ. ಆದರೆ ಭಾರವಾದ ಸರಕು ಹೋಗುತ್ತಿದ್ದುದು ಸಮುದ್ರಮಟ್ಟದ ಲೇಯಿಂದ. ಬೆಟ್ಟದಿಂದ ಬರುತ್ತಿದ್ದುದು ಬೆಲೆಯಲ್ಲಿ ದೊಡ್ಡದಾದರೂ ತೂಕದಲ್ಲಿ ಚಿಕ್ಕದಾದ ಚಿನ್ನ. ಈ ವ್ಯಾಪಾರದ ಸ್ವಭಾವವೇ ವಿಮಾನಕ್ಕೆ ಅನುಕೂಲವಾಗಿ ಒದಗಿತು.

ಕಂಪನಿಯ ದೊಡ್ಡ ಪರೀಕ್ಷೆ ಬಂದುದು 1931ರಲ್ಲಿ. ಬುಲೋಲೋ ಕಣಿವೆಯ ಜಲ್ಲಿಮಣ್ಣಿನಲ್ಲಿ ಚಿನ್ನವು ಚೂರುಚೂರಾಗಿ ಹರಡಿದ್ದಿತು. ಕೈಯಿಂದ ತೊಳೆದರೆ ಲಾಭವಿಲ್ಲ. ಡ್ರೆಡ್ಜರ್ ಎಂಬ ಯಂತ್ರವೇ ಬೇಕು. ಇದು ತಾನೇ ತೋಡಿಕೊಂಡ ಕೊಳದಲ್ಲಿ ತೇಲುತ್ತ, ಬಕೆಟ್ಟುಗಳ ಸರಪಣಿಯಿಂದ ಜಲ್ಲಿಯನ್ನು ಎತ್ತಿ ತೊಳೆದು, ಚಿನ್ನವನ್ನು ಬೇರ್ಪಡಿಸಿ ಮುಂದುವರಿಯುವ ಕಬ್ಬಿಣದ ದೋಣಿ. ಸಾವಿರ ಟನ್ನಿಗೂ ಹೆಚ್ಚು ತೂಗುವಂಥಾದ್ದು. ರಸ್ತೆಯಿಲ್ಲದ ಕಣಿವೆಗೆ ಅದು ಹೋಗುವುದೆಂತು? ಯಂತ್ರವನ್ನು ರಚಿಸುವಾಗಲೇ ವಿಮಾನಕ್ಕೆ ಹಿಡಿಸುವಷ್ಟು ತುಂಡುಗಳಾಗಿ ವಿಂಗಡಿಸಿದರು. ಮೂರು ಎಂಜಿನುಗಳುಳ್ಳ ಯುಂಕರ್ಸ್ ಜಿ 31 ವಿಮಾನಗಳನ್ನು ತರಿಸಿ, ಬೆನ್ನಿನಲ್ಲಿ ದೊಡ್ಡ ಬಾಗಿಲನ್ನಿರಿಸಿದರು. ಲೇಯಲ್ಲಿ ಕ್ರೇನು ಒಂದೊಂದು ತುಂಡನ್ನೂ ಎತ್ತಿ ಆ ಬಾಗಿಲೊಳಗೆ ಇಳಿಸುತ್ತಿತ್ತು. ಸುಮಾರು ಮೂರು ಟನ್ನಿನ ಏಕಖಂಡವಾದ ಅಚ್ಚುಗಳೂ ಹೀಗೆ ಹಾರಿಹೋದುವು. 1932ರ ಮಾರ್ಚಿಯಲ್ಲಿ ಮೊದಲನೆಯ ಡ್ರೆಡ್ಜರ್ ಕೆಲಸವನ್ನಾರಂಭಿಸಿತು. ಲೆವಿಯನ್ ಅದನ್ನು ನೋಡಲಿಲ್ಲ. ಎರಡು ತಿಂಗಳ ಹಿಂದೆ, ಜನವರಿಯಲ್ಲಿ, ತೀರಿಕೊಂಡಿದ್ದನು. 1939ರ ವೇಳೆಗೆ ಅಂಥ ಎಂಟು ಡ್ರೆಡ್ಜರುಗಳು ಆ ಕಣಿವೆಯಲ್ಲಿದ್ದುವು.

ಎರಡನೆಯ ಮಹಾಯುದ್ಧವು ಈ ಕೆಲಸವನ್ನು ಒಮ್ಮೆಗೇ ನಿಲ್ಲಿಸಿತು. 1942ರ ಜನವರಿ 21ರಂದು ಜಪಾನೀ ವಿಮಾನಗಳು ಲೇ, ಸಲಮಾವಾ, ಬುಲೋಲೋಗಳ ಮೇಲೆ ಎರಗಿದುವು. ಬುಲೋಲೋದಲ್ಲಿದ್ದ ಮೂರು ಜಿ 31 ವಿಮಾನಗಳು ಸುಟ್ಟುಹೋದುವು. ಯುದ್ಧದ ಅಗತ್ಯಕ್ಕಾಗಿಯೇ ಆ ಬೆಟ್ಟಗಳಿಗೆ ಮೋಟಾರು ರಸ್ತೆಗಳೂ ಬಂದುವು. ಕಂಪನಿಯು ಮುಂದೆ ದಕ್ಷಿಣ ಆಸ್ಟ್ರೇಲಿಯಾದ ಮಾರ್ಗಗಳಲ್ಲಿ ನಡೆದು, 1959ರಲ್ಲಿ ಆನ್ಸೆಟ್ ಸಂಸ್ಥೆಯ ಕೈಸೇರಿತು. ಡ್ರೆಡ್ಜರುಗಳ ಕೆಲಸವೂ 1965ರಲ್ಲಿ ಮುಗಿಯಿತು.

ಈ ವೃತ್ತಾಂತದಲ್ಲಿ ಗಮನಿಸತಕ್ಕ ಅಂಶಗಳು ಎರಡು. ವಿಮಾನದ ಬಾಡಿಗೆ ಹೆಚ್ಚೋ ಕಡಮೆಯೋ ಎಂಬುದನ್ನು ವಿಮಾನವೊಂದನ್ನೇ ನೋಡಿ ಹೇಳಲಾಗುವುದಿಲ್ಲ. ಕೆಳಗಿನ ನೆಲದ ದಾರಿ ಎಷ್ಟು ವೆಚ್ಚದ್ದೆಂಬುದನ್ನೂ ನೋಡಬೇಕು. ದಾರಿ ಸುಲಭವಾದೆಡೆ ವಿಮಾನ ವಿಲಾಸ. ದಾರಿಯೇ ಇಲ್ಲದೆಡೆ ಅದೇ ಮಿತವ್ಯಯ. ಎರಡನೆಯದು ಇದಕ್ಕಿಂತ ಗಹನವಾದುದು. ವಿಮಾನವು ಸಾವಿರಾರು ಬೆನ್ನುಗಳ ಮೇಲಿನ ಹೊರೆಯನ್ನು ಇಳಿಸಿತು, ನಿಜ. ಆದರೆ ಅದೇ ವಿಮಾನ ತಂದ ಯಂತ್ರಗಳು ಆ ಜನರ ನೆಲದ ಚಿನ್ನವನ್ನು ತೊಳೆದು ಹೊರಕ್ಕೆ ಸಾಗಿಸಿದುವು. ಅದರ ಲಾಭ ದೂರದೇಶದ ಪಾಲುದಾರರಿಗೆ ಸಂದಿತು. ಹೊರೆಯಾಳಾಗಿದ್ದವನು ಗಣಿಯ ಕರಾರುಕೂಲಿಯಾದನು. ವಾಹನವೊಂದು ಬಂದಾಗ ಅದು ಎಷ್ಟು ಟನ್ನು ಹೊರುವುದೆಂದು ಕೇಳುವುದು ಅವಶ್ಯವೇ. ಅದು ಯಾರಿಗಾಗಿ ಹೊರುವುದೆಂಬ ಪ್ರಶ್ನೆಯನ್ನೂ ಜೊತೆಯಲ್ಲಿಯೇ ಕೇಳುವುದು ಉಚಿತ.