ಚಪ್ಪಾಳೆ, ಸಿಳ್ಳೆ ಮತ್ತು ಸಿದ್ಧಿ: ಶಿವಮೊಗ್ಗ–ಭದ್ರಾವತಿ ಪರಿಸರದ ಗಾಯನ ವೇದಿಕೆ ಮತ್ತು ಕೇಳುಗ

ಕನ್ನಡದಲ್ಲಿ ಭಾವಗೀತೆಯನ್ನು ಕುರಿತು ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಕವಿ ಮತ್ತು ಕೃತಿಯನ್ನು ಕೇಂದ್ರವಾಗಿರಿಸಿಕೊಂಡಿವೆ. ಹಾಡುಗಾರಿಕೆಯ ಕಡೆಗೆ ಹೊರಳಿದ ಕೆಲವು ಬರಹಗಳು ರಾಗಸಂಯೋಜಕ ಮತ್ತು ಗಾಯಕನವರೆಗೆ ಬಂದು ನಿಲ್ಲುತ್ತವೆ. ವೇದಿಕೆಯ ಎದುರು ಕುಳಿತು, ಕೆಲವೊಮ್ಮೆ ನಿಂತು, ಚಪ್ಪಾಳೆ ತಟ್ಟುವ, ಸಿಳ್ಳೆ ಹಾಕುವ, 'ವನ್ಸ್ ಮೋರ್' ಎಂದು ಕೂಗುವ ಕೇಳುಗ ಈ ಚರ್ಚೆಗಳಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಕಾಣಿಸಿಕೊಂಡರೂ ಕಲೆಯ ಹೊರಗಿನ ಗದ್ದಲವಾಗಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಈ ಪ್ರತಿಸ್ಪಂದನವು ಪ್ರದರ್ಶನದ ಒಳಗಿನ ಅಂಗವೇ ಆಗಿದೆ ಎಂಬುದನ್ನೂ, ಅದನ್ನು ವಿವರಿಸಲು ಬೇಕಾದ ಪರಿಭಾಷೆ ನಮ್ಮ ಪರಂಪರೆಯಲ್ಲಿಯೇ ಲಭ್ಯವಿದೆ ಎಂಬುದನ್ನೂ ಶಿವಮೊಗ್ಗ ಮತ್ತು ಭದ್ರಾವತಿಯ ಪರಿಸರವನ್ನು ಮುಂದಿಟ್ಟುಕೊಂಡು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸಿದ್ಧಿ ಮತ್ತು ಘಾತ: ನಾಟ್ಯಶಾಸ್ತ್ರದ ಪರಿಕಲ್ಪನೆ

ಭರತನ ನಾಟ್ಯಶಾಸ್ತ್ರವನ್ನು ಕನ್ನಡ ವಿದ್ವಾಂಸರು ಸಾಮಾನ್ಯವಾಗಿ ರಸಸೂತ್ರಕ್ಕಾಗಿ ಓದುತ್ತಾರೆ. ಶ್ರೀರಂಗರ ಅನುವಾದದ ಮೂಲಕ ಅದು ಕನ್ನಡದ ಓದುಗರಿಗೆ ನೇರವಾಗಿ ದೊರಕಿದ ಮೇಲೂ ಆರನೆಯ ಅಧ್ಯಾಯಕ್ಕೆ ಸಂದ ಗಮನ ಇಪ್ಪತ್ತೇಳನೆಯ ಅಧ್ಯಾಯಕ್ಕೆ ಸಂದಿಲ್ಲ. ಈ ಅಧ್ಯಾಯದ ವಿಷಯ ಪ್ರದರ್ಶನದ ಸಿದ್ಧಿ, ಅಂದರೆ ಯಶಸ್ಸು. ಯಶಸ್ಸನ್ನು ಗುರುತಿಸುವ ಬಗೆ ಯಾವುದು ಎಂಬ ಪ್ರಶ್ನೆಗೆ ಭರತ ಕೊಡುವ ಉತ್ತರ ಅತ್ಯಂತ ವಾಸ್ತವಿಕವಾದುದು: ಪ್ರೇಕ್ಷಕನ ಬಾಯಿ ಮತ್ತು ಮೈಯನ್ನು ಗಮನಿಸಬೇಕು.

ಸಿದ್ಧಿಯು ಮಾನುಷೀ ಮತ್ತು ದೈವೀ ಎಂದು ಎರಡು ಬಗೆ. ಮಾನುಷೀ ಸಿದ್ಧಿಯಲ್ಲಿ ಮಾತಿನಿಂದ ಪ್ರಕಟವಾಗುವುದು ಒಂದು, ಶರೀರದಿಂದ ಪ್ರಕಟವಾಗುವುದು ಇನ್ನೊಂದು. ಮುಗುಳ್ನಗೆ, ಅರೆನಗೆ, ಜೋರುನಗೆ, 'ಸಾಧು' ಎಂಬ ಮೆಚ್ಚುಗೆ, 'ಅಹೋ' ಎಂಬ ಬೆರಗು, 'ಕಷ್ಟಂ' ಎಂಬ ಮರುಕ, ಕೊನೆಗೆ ಸಭೆಯೆಲ್ಲ ಒಂದಾಗಿ ಎಬ್ಬಿಸುವ ಮಹಾನಾದ, ಇವು ಮೊದಲನೆಯ ವರ್ಗಕ್ಕೆ ಸೇರುತ್ತವೆ. ಮೈನವಿರೇಳುವುದು, ಆಸನದಿಂದ ಎದ್ದು ನಿಲ್ಲುವುದು, ಬಟ್ಟೆಯನ್ನೂ ಉಂಗುರವನ್ನೂ ಕಲಾವಿದನತ್ತ ಎಸೆಯುವುದು ಎರಡನೆಯ ವರ್ಗದವು. ದೈವೀ ಸಿದ್ಧಿಯಾದರೋ ಇದಕ್ಕೆ ಭಿನ್ನವಾದುದು. ರಂಗಸ್ಥಳ ಜನರಿಂದ ತುಂಬಿರುತ್ತದೆ. ಆದರೂ ಶಬ್ದವಿಲ್ಲ, ಕ್ಷೋಭೆಯಿಲ್ಲ.

ಇದೇ ಅಧ್ಯಾಯ ಪ್ರದರ್ಶನಕ್ಕೆ ಒದಗುವ ಘಾತಗಳನ್ನೂ ಹೇಳುತ್ತದೆ. ಅವುಗಳಲ್ಲಿ ಒಂದು 'ಪರ'ರಿಂದ, ಎಂದರೆ ಎದುರಾಳಿ ಪಕ್ಷದವರಿಂದ ಬರುವಂಥದು. ಅವರು ಗಟ್ಟಿಯಾಗಿ ನಗುತ್ತಾರೆ, ಕೂಗುತ್ತಾರೆ, ಚಪ್ಪಾಳೆಯ ಸದ್ದೆಬ್ಬಿಸುತ್ತಾರೆ, ಸಗಣಿ, ಹೆಂಟೆಗಳನ್ನು ಎಸೆಯುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸಿದ್ಧಿಯ ಪಟ್ಟಿಯಲ್ಲಿಯೂ ಘಾತದ ಪಟ್ಟಿಯಲ್ಲಿಯೂ ನಗು ಇದೆ, ಕೂಗು ಇದೆ, ಎಸೆತ ಇದೆ. ಸದ್ದಿನ ಪ್ರಮಾಣ ಒಂದೇ ಆದರೂ ಅದು ಎಲ್ಲಿಂದ, ಯಾವ ಗಳಿಗೆಯಲ್ಲಿ, ಯಾವ ಉದ್ದೇಶದಿಂದ ಬಂದಿತು ಎಂಬುದರ ಮೇಲೆ ಅದರ ಅರ್ಥ ನಿರ್ಧಾರವಾಗುತ್ತದೆ.

ಅಧ್ಯಾಯದ ಮೂರನೆಯ ಎಳೆ ಸ್ಪರ್ಧೆಗೆ ಸಂಬಂಧಿಸಿದುದು. ಹಣಕ್ಕಾಗಿ ಅಥವಾ ಪತಾಕೆಗಾಗಿ ಕಲಾವಿದರು ಪೈಪೋಟಿ ನಡೆಸಿದಾಗ ತೀರ್ಪು ಕೊಡುವವರು ಪ್ರಾಶ್ನಿಕರು. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ಚಿತ್ರಕಾರ, ಗಣಿಕೆ, ಗಾಯಕ ಮುಂತಾಗಿ ಒಬ್ಬೊಬ್ಬರಿಗೂ ಒಂದೊಂದು ಕ್ಷೇತ್ರದ ಹೊಣೆ. ಗುಣದೋಷಗಳನ್ನು ಎಣಿಸುವವರೂ ಬರೆದುಕೊಳ್ಳುವವರೂ ಇರುತ್ತಾರೆ. ಇಂದಿನ ಪ್ರಶಸ್ತಿ ಪ್ರದಾನ ಸಮಾರಂಭದ ತೀರ್ಪುಗಾರರ ಮಂಡಳಿಗೆ ಇದಕ್ಕಿಂತ ಹಳೆಯ ಪೂರ್ವರೂಪವನ್ನು ಹುಡುಕಬೇಕಾಗಿಲ್ಲ. ಹೀಗೆ ಪ್ರೇಕ್ಷಕನ ಉದ್ಗಾರ ಮತ್ತು ಪ್ರಾಶ್ನಿಕನ ತೀರ್ಪು ಎಂಬ ಎರಡು ಅಳತೆಗೋಲುಗಳು ಭರತನಲ್ಲಿ ಅಕ್ಕಪಕ್ಕದಲ್ಲಿಯೇ ಇವೆ. ಒಂದನ್ನು ಇನ್ನೊಂದು ರದ್ದುಪಡಿಸುವುದಿಲ್ಲ.

2. ಪ್ರಶಸ್ತಿ ಮತ್ತು ಕೇಳುಗ: ಸುಬ್ಬಣ್ಣನವರ ನಿದರ್ಶನ

ಈ ಎರಡು ಅಳತೆಗೋಲುಗಳ ಸಂಬಂಧವನ್ನು ಪರಿಶೀಲಿಸಲು ಶಿವಮೊಗ್ಗದ ಹೆಸರನ್ನೇ ತಮ್ಮ ಹೆಸರಿನಲ್ಲಿ ಹೊತ್ತ ಗಾಯಕರೊಬ್ಬರ ನಿದರ್ಶನ ಒದಗುತ್ತದೆ. ಹೊಸನಗರ ತಾಲೂಕಿನ ನಗರದಲ್ಲಿ 1938ರಲ್ಲಿ ಜನಿಸಿದ ಶಿವಮೊಗ್ಗ ಸುಬ್ಬಣ್ಣನವರು ವೃತ್ತಿಯಿಂದ ವಕೀಲರು. ಚಂದ್ರಶೇಖರ ಕಂಬಾರರು ನಿರ್ದೇಶಿಸಿದ 'ಕಾಡು ಕುದುರೆ' ಚಿತ್ರಕ್ಕಾಗಿ ಕಂಬಾರರದೇ ರಚನೆಯನ್ನು ಹಾಡಿ, 1978ನೆಯ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿಯನ್ನು ಪಡೆದರು. ಕನ್ನಡಿಗ ಗಾಯಕರೊಬ್ಬರಿಗೆ ಈ ಗೌರವ ಸಂದದ್ದು ಅದೇ ಮೊದಲು.

ಇಲ್ಲಿ ತೀರ್ಪು ಕೊಟ್ಟವರು ಪ್ರಾಶ್ನಿಕರು. ಅವರ ಮುಂದಿದ್ದುದು ಮುದ್ರಿತ ಧ್ವನಿ. ಚಿತ್ರಮಂದಿರದ ಸಿಳ್ಳೆಯಾಗಲಿ ಬಯಲಿನ ಚಪ್ಪಾಳೆಯಾಗಲಿ ಆ ಕೊಠಡಿಯನ್ನು ತಲುಪುವಂತಿರಲಿಲ್ಲ. ಆದರೆ ಪ್ರಶಸ್ತಿಯ ನಂತರ ಆ ಹಾಡು ವೇದಿಕೆಗೆ ಬಂದಾಗ ಪರಿಸ್ಥಿತಿ ಬದಲಾಗುತ್ತದೆ. ಅದು ಸುಬ್ಬಣ್ಣನವರ ಹೆಸರಿನೊಡನೆ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿತು. ಗಾಯಕ ಬಾಯಿ ತೆರೆಯುವ ಮುನ್ನವೇ, ವಾದ್ಯದವರು ಮೊದಲ ಎಳೆಯನ್ನು ನುಡಿಸಿದೊಡನೆ ಚಪ್ಪಾಳೆ ಬೀಳುವ ಬಗೆಯ ಹಾಡುಗಳಲ್ಲಿ ಅದೂ ಒಂದಾಯಿತು.

ಈ ಬಗೆಯ ಚಪ್ಪಾಳೆಯನ್ನು ಸೂಕ್ಷ್ಮವಾಗಿ ವಿಂಗಡಿಸಿಕೊಳ್ಳುವುದು ಅಗತ್ಯ. ಸುಗಮ ಸಂಗೀತದ ವೇದಿಕೆಯಲ್ಲಿ ಚಪ್ಪಾಳೆ ಮೂರು ಎಡೆಗಳಲ್ಲಿ ಬೀಳುತ್ತದೆ. ಮೊದಲನೆಯದು ಗುರುತಿನ ಚಪ್ಪಾಳೆ: ಧಾಟಿ ಪರಿಚಿತವೆಂದು ತಿಳಿದ ಗಳಿಗೆಯದು; ಕೇಳುಗನು ಇಲ್ಲಿ ತನ್ನ ನೆನಪಿಗೇ ಚಪ್ಪಾಳೆ ತಟ್ಟಿಕೊಳ್ಳುತ್ತಾನೆ. ಎರಡನೆಯದು ಕೌಶಲದ ಚಪ್ಪಾಳೆ: ಸ್ವರವಿಸ್ತಾರ ಮುಗಿದು ತಬಲದ ಪೆಟ್ಟಿನೊಡನೆ ಗಾಯಕ ಪಲ್ಲವಿಗೆ ಮರಳುವ ಎಡೆಯದು. ಮೂರನೆಯದು ಮುಕ್ತಾಯದ ಚಪ್ಪಾಳೆ: ಬಹುಮಟ್ಟಿಗೆ ಶಿಷ್ಟಾಚಾರದ್ದು. ಇವುಗಳಲ್ಲಿ ಎರಡನೆಯದು ಮಾತ್ರ ಭರತನ 'ಸಾಧು'ವಿಗೆ ಸಮೀಪವಾದುದು. ಮೊದಲನೆಯದಕ್ಕೆ ನಾಟ್ಯಶಾಸ್ತ್ರದಲ್ಲಿ ಹೆಸರಿಲ್ಲ. ಅದು ಆಕಾಶವಾಣಿ, ಧ್ವನಿಸುರುಳಿ ಮತ್ತು ಚಿತ್ರಗಳು ಹಾಡನ್ನು ಮೊದಲೇ ಮನೆಗೆ ತಲುಪಿಸಿದ ಕಾಲದ ಸೃಷ್ಟಿ.

3. ಕೇಳುಗನನ್ನು ರೂಪಿಸಿದ ಪರಿಸರ

ಶಿವಮೊಗ್ಗ–ಭದ್ರಾವತಿ ಪರಿಸರದಲ್ಲಿ ಇಂಥ ಮುನ್ಪರಿಚಯವನ್ನು ನಿರ್ಮಿಸಿದ ಸಂಗತಿಗಳನ್ನು ಗುರುತಿಸಬಹುದು. ಭದ್ರಾವತಿಯ ಆಕಾಶವಾಣಿ ಕೇಂದ್ರ 1965ರಲ್ಲಿ ಆರಂಭವಾಯಿತು. ಕೋರಿಕೆ ಕಾರ್ಯಕ್ರಮಗಳಿಗೆ ಅಂಚೆ ಕಾರ್ಡು ಬರೆದು ತಮ್ಮ ಹೆಸರೂ ಊರೂ ಬಾನುಲಿಯಲ್ಲಿ ಕೇಳಿಬರುವುದಕ್ಕೆ ಕಾಯುತ್ತಿದ್ದ ಕೇಳುಗನ ನಡವಳಿಕೆಯೂ ಒಂದು ಬಗೆಯ 'ವನ್ಸ್ ಮೋರ್' ಆಗಿತ್ತು. ಕೂಗಿನ ಬದಲು ಬರವಣಿಗೆಯಲ್ಲಿ ಇತ್ತು ಅಷ್ಟೆ. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಹೊರಬಂದು ಕನ್ನಡ ಭಾವಗೀತೆಯ ಧ್ವನಿಸುರುಳಿಗಳಿಗೆ ನಾಂದಿ ಹಾಡಿತು. ನಿಸಾರ್ ಅವರು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. 2006ರಲ್ಲಿ ಶಿವಮೊಗ್ಗದಲ್ಲಿ ನಡೆದ 73ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನೂ ಅವರೇ ವಹಿಸಿದರು.

ಭದ್ರಾವತಿಯ ಸ್ವರೂಪ ಇದಕ್ಕಿಂತ ಬೇರೆ. 1918ರಲ್ಲಿ ಸ್ಥಾಪನೆಗೊಂಡ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಗೊಂಡ ಕಾಗದದ ಕಾರ್ಖಾನೆಗಳ ಸುತ್ತ ಬೆಳೆದ ಈ ಊರಿನಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಮಲಯಾಳ ಮನೆಮಾತುಗಳ ಕಾರ್ಮಿಕ ಕುಟುಂಬಗಳು ನೆಲೆಸಿದವು. ಇಂಥ ಊರಿನ ಗಣೇಶೋತ್ಸವದ ವೇದಿಕೆಯಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಕನ್ನಡದಲ್ಲಿ 'ರಸಮಂಜರಿ' ಎಂಬ ಹೆಸರು ರೂಢಿಯಾಗಿದೆ. ಆಡುಮಾತಿನಲ್ಲಿ 'ಆರ್ಕೆಸ್ಟ್ರಾ' ಎನ್ನುವುದನ್ನೇ ಕರಪತ್ರ ಮತ್ತು ಬ್ಯಾನರುಗಳು 'ಸಂಗೀತ ರಸಮಂಜರಿ' ಎಂದು ಬರೆಯುತ್ತವೆ. ಅಲಂಕಾರಶಾಸ್ತ್ರದ ಪದವೊಂದು ಬೀದಿಯ ವೇದಿಕೆಗೆ ಹೀಗೆ ಇಳಿದುಬಂದಿರುವುದು ಆಕಸ್ಮಿಕವೆನಿಸಿದರೂ ಅರ್ಥಪೂರ್ಣವಾಗಿದೆ. ಅಲ್ಲಿ ಸಿಳ್ಳೆ ಹಾಕುವ ತರುಣನಿಗೆ ರಸದ ಮೇಲೆ ಹಕ್ಕಿಲ್ಲವೆಂದು ಭಾವಿಸಲು ಶಾಸ್ತ್ರದ ಆಧಾರವೂ ಇಲ್ಲ. ಎಲ್ಲ ಗುಣಗಳೂ ಒಬ್ಬನೇ ಪ್ರೇಕ್ಷಕನಲ್ಲಿ ಇರಲಾರವೆಂದೂ, ತರುಣರು ಶೃಂಗಾರದಲ್ಲಿ, ಶೂರರು ವೀರ ರೌದ್ರಗಳಲ್ಲಿ, ಹೀಗೆ ಅವರವರು ಅವರವರಿಗೆ ಒಗ್ಗಿದುದರಲ್ಲಿ ತಣಿಯುತ್ತಾರೆಂದೂ ಭರತನೇ ಒಪ್ಪಿಕೊಂಡಿದ್ದಾನೆ.

ಕೇಳುಗನಿಗೆ ಕನ್ನಡ ಕೊಟ್ಟಿರುವ ಹೆಸರುಗಳೂ ಈ ದೃಷ್ಟಿಯಿಂದ ಪರಿಶೀಲನಾರ್ಹ. 'ಸಹೃದಯ' ಕಾವ್ಯಮೀಮಾಂಸೆಯ ಪದ. 'ರಸಿಕ' ಸಂಗೀತ ಸಭೆಯ ಪದ. 'ಅಭಿಮಾನಿ' ಚಲನಚಿತ್ರದ ಮೂಲಕ ವ್ಯಾಪಕವಾದ ಪದ. ಮೊದಲ ಎರಡು ಆಸ್ವಾದನೆಯ ಸಾಮರ್ಥ್ಯವನ್ನು ಹೇಳಿದರೆ ಮೂರನೆಯದು ನಿಷ್ಠೆಯನ್ನು ಹೇಳುತ್ತದೆ. ನಟ ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಸಂಬೋಧಿಸಿದಾಗ ಕಲಾವಿದ ಮತ್ತು ಕೇಳುಗರ ಸ್ಥಾನಗಳೇ ಅದಲುಬದಲಾದವು.

4. ಷರೀಫರ ಹಾಡು: ಭಜನೆಯಿಂದ ರಾಕ್ ವಾದ್ಯವೃಂದದವರೆಗೆ

ಕೃತಿ ಅದೇ ಉಳಿದು ಪ್ರತಿಸ್ಪಂದನ ಮಾತ್ರ ಬದಲಾಗುವುದನ್ನು ಕಾಣಲು ಶಿಶುನಾಳ ಷರೀಫರ (1819–1889) ತತ್ತ್ವಪದಗಳಿಗಿಂತ ಉತ್ತಮ ಉದಾಹರಣೆ ಸಿಗಲಾರದು. ಭಜನಾ ಮೇಳದಲ್ಲಿ ಷರೀಫರ ಪದಕ್ಕೆ ಪ್ರತ್ಯೇಕ ಕೇಳುಗರೇ ಇಲ್ಲ; ಕುಳಿತವರೆಲ್ಲ ಸೊಲ್ಲು ಹಿಡಿದು ಹಾಡುವವರು. ಸುಬ್ಬಣ್ಣ ಮತ್ತು ಸಿ. ಅಶ್ವತ್ಥ್ ಅವರಂಥ ಗಾಯಕರು ಈ ಪದಗಳನ್ನು ಸುಗಮ ಸಂಗೀತದ ವೇದಿಕೆಗೆ ತಂದಾಗ ಹಾಡುವವರು ಮತ್ತು ಕೇಳುವವರು ಬೇರ್ಪಟ್ಟರು. ಆದರೆ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ ಅಪಾರ ಜನಸ್ತೋಮ ಗಾಯಕನೊಡನೆ ದನಿಗೂಡಿಸಿದಾಗ ಆ ಗೆರೆ ಮತ್ತೆ ಅಳಿಸಿಹೋಯಿತು. ಭರತ ಹೇಳುವ ಮಹಾನಾದ ಇಲ್ಲಿ ಮೆಚ್ಚುಗೆಯ ಕೂಗಾಗಿ ಉಳಿಯದೆ ಹಾಡೇ ಆಯಿತು.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ತಮ್ಮ ವಾದ್ಯವೃಂದದೊಡನೆ 2008ರಲ್ಲಿ ಹೊರತಂದ ಮೊದಲ ಸಂಕಲನದಲ್ಲಿ ಷರೀಫರ ಪದಗಳು ಗಿಟಾರು, ಡ್ರಮ್ಮು, ಪಿಟೀಲುಗಳ ಜೊತೆಗೂಡಿ ರಾಕ್ ಸಂಗೀತದ ಲಯಕ್ಕೆ ಹೊಂದಿಕೊಂಡವು. ಈ ತಂಡ 2010ರಲ್ಲಿ ಬಿಬಿಸಿ ದೂರದರ್ಶನದ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಸಂಗೀತ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನವಾಗತ ಪ್ರಶಸ್ತಿಯನ್ನು ಪಡೆಯಿತು. ಕನ್ನಡವರಿಯದ ಸಭೆಯ ಮುಂದೆ ತತ್ತ್ವಪದವನ್ನು ಹಾಡಿದಾಗ ಕೇಳುಗನಿಗೆ ದಕ್ಕುವುದು ಲಯ, ಕಂಠ ಮತ್ತು ಗೆಜ್ಜೆ ಕಟ್ಟಿ ಹಾಡುವ ಗಾಯಕನ ಉತ್ಸಾಹ. ಒಡಪಿನಂಥ ಅರ್ಥ ದಕ್ಕುವುದಿಲ್ಲ. ಆದರೂ ಆತ ಎದ್ದು ನಿಲ್ಲಬಲ್ಲ, ಕುಣಿಯಬಲ್ಲ. ಶಾರೀರಿಕ ಸಿದ್ಧಿ ಪೂರ್ಣವಾಗಿದ್ದು ವಾಙ್ಮಯ ಸಿದ್ಧಿ ಅಪೂರ್ಣವಾಗಿರುವ ಸ್ಥಿತಿ ಇದು. ಕನ್ನಡದ ಸಭೆಯಲ್ಲಾದರೋ ಗಾಯಕ ಮೈಕನ್ನು ಜನರತ್ತ ತಿರುಗಿಸಿದೊಡನೆ ಮುಂದಿನ ಸಾಲು ಸಭೆಯಿಂದಲೇ ಬರುತ್ತದೆ. ರಾಕ್ ವೇದಿಕೆಯ ಈ ವಾಡಿಕೆ, ಭಜನೆಯ ಸೊಲ್ಲು–ಮರುಸೊಲ್ಲಿನ ಕ್ರಮಕ್ಕೆ ಮರಳುವ ದಾರಿಯೂ ಆಗುತ್ತದೆ. ರಾಕ್ ಸಂಗೀತವು ತತ್ತ್ವಪದವನ್ನು ಕೆಡಿಸಿತೇ ಎಂಬ ವಾದಕ್ಕೆ ಪಠ್ಯದಲ್ಲಿ ಮಾತ್ರ ಉತ್ತರ ಹುಡುಕಿದರೆ ಈ ಅಂಶ ಕಣ್ತಪ್ಪುತ್ತದೆ.

5. ದೂರದರ್ಶನದ ಪ್ರಶಸ್ತಿ ಸಮಾರಂಭ ಮತ್ತು ಸಂಕಲಿತ ಚಪ್ಪಾಳೆ

ಪ್ರಶಸ್ತಿ ಸಮಾರಂಭಗಳು ವಾಹಿನಿಗಳಲ್ಲಿ ಪ್ರಸಾರವಾಗತೊಡಗಿದ ಮೇಲೆ ಪ್ರತಿಸ್ಪಂದನದ ಸ್ವರೂಪ ಇನ್ನೊಮ್ಮೆ ಬದಲಾಗಿದೆ. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರು ಸ್ವತಃ ತಾರೆಯರು. ಅಭಿಮಾನಿಗಳ ಸ್ಥಾನ ಹಿಂದೆ. ಕ್ಯಾಮರಾ ಗಾಯಕನಿಂದ ಹೊರಳಿ ತಾರೆಯೊಬ್ಬರ ಮುಗುಳ್ನಗೆಯನ್ನು ತೋರಿಸುತ್ತದೆ. ಆ ನಗೆ ಅದೇ ಹಾಡಿಗೆ, ಅದೇ ಗಳಿಗೆಯಲ್ಲಿ ಮೂಡಿದುದೆಂಬ ಖಾತರಿಯಿಲ್ಲ. ಬೇರೊಂದು ಸಂದರ್ಭದ ದೃಶ್ಯವನ್ನೂ ಚಪ್ಪಾಳೆಯ ಸದ್ದನ್ನೂ ಸಂಕಲನದಲ್ಲಿ ಜೋಡಿಸುವುದು ಸಾಧ್ಯ. ಹಾಡನ್ನು ಮೊದಲೇ ಮುದ್ರಿಸಿಕೊಂಡು ವೇದಿಕೆಯಲ್ಲಿ ತುಟಿಯಾಡಿಸುವುದೂ ಸಾಧ್ಯ. ಭದ್ರಾವತಿಯ ಮನೆಯೊಂದರಲ್ಲಿ ಕುಳಿತು ನೋಡುವ ಅಭಿಮಾನಿ, ಸಿದ್ಧಿಯನ್ನಲ್ಲ, ಸಿದ್ಧಿಯ ಚಿತ್ರಣವನ್ನು ನೋಡುತ್ತಿರುತ್ತಾನೆ. ಆದಕಾರಣ ಪ್ರಸಾರದ ಮುದ್ರಿಕೆಯನ್ನು ಪ್ರತಿಸ್ಪಂದನದ ಆಕರವಾಗಿ ಬಳಸುವ ಸಂಶೋಧಕ, ಹಸ್ತಪ್ರತಿಯಲ್ಲಿ ಪ್ರಕ್ಷಿಪ್ತವನ್ನು ಗುರುತಿಸುವಷ್ಟೇ ಎಚ್ಚರವನ್ನು ಇಲ್ಲಿಯೂ ವಹಿಸಬೇಕಾಗುತ್ತದೆ.

ಹೋಲಿಕೆಗೆ ಹಳೆಯ ಕಂಪನಿ ನಾಟಕದ ರೂಢಿಯನ್ನು ನೋಡಬಹುದು. ಅಲ್ಲಿ 'ವನ್ಸ್ ಮೋರ್' ಕೂಗು ಕಥೆಯ ಓಟವನ್ನೇ ತಡೆದು ಸತ್ತ ಪಾತ್ರವನ್ನೂ ಎಬ್ಬಿಸಿ ಹಾಡಿಸುತ್ತಿತ್ತು. ಮೆಚ್ಚಿದವರು ರಂಗದ ಮೇಲೆಯೇ ಪದಕ ತೊಡಿಸುತ್ತಿದ್ದುದೂ ಉಂಟು. ಪ್ರೇಕ್ಷಕ ಮತ್ತು ಪ್ರಾಶ್ನಿಕ ಒಬ್ಬನೇ ಆಗಿದ್ದ ಸಂದರ್ಭವದು. ವಾಹಿನಿಯ ಸಮಾರಂಭದಲ್ಲಿ ಅವರಿಬ್ಬರೂ ದೂರವಾಗಿರುವುದಷ್ಟೇ ಅಲ್ಲ, ಅವರ ನಡುವೆ ಸಂಕಲನಕಾರ ಬಂದು ಕುಳಿತಿದ್ದಾನೆ.

6. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಹೊರಡುವ ಅಂಶಗಳು ಇವು: ಕೇಳುಗರ ಸದ್ದನ್ನು ಸಿದ್ಧಿಯೆಂದೋ ಘಾತವೆಂದೋ ಮೊದಲೇ ನಿರ್ಣಯಿಸುವಂತಿಲ್ಲ, ಅದು ಹಾಡಿನ ಯಾವ ಎಡೆಯಲ್ಲಿ, ಯಾರಿಂದ ಹೊರಟಿತು ಎಂಬುದನ್ನು ಗುರುತಿಸಿಯೇ ಅರ್ಥ ಹೇಳಬೇಕು. ನಿಶ್ಶಬ್ದವನ್ನೂ ಪ್ರತಿಸ್ಪಂದನವೆಂದೇ ಎಣಿಸಬೇಕು. ಪ್ರಶಸ್ತಿ ಮತ್ತು ಜನಪ್ರಿಯತೆಗಳನ್ನು ವಿರುದ್ಧ ಪದಗಳೆಂದು ಭಾವಿಸದೆ ಒಂದು ಇನ್ನೊಂದನ್ನು ಹೇಗೆ ರೂಪಿಸಿತು ಎಂಬುದನ್ನು ಪರಿಶೀಲಿಸಬೇಕು.

ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಅಶ್ವತ್ಥ್ 2009ರಲ್ಲಿ, ನಿಸಾರ್ ಅಹಮದ್ 2020ರಲ್ಲಿ, ಸುಬ್ಬಣ್ಣ 2022ರಲ್ಲಿ ನಿಧನರಾದರು. ಅವರ ಕಂಠ ಮತ್ತು ಕವಿತೆಗಳು ಮುದ್ರಣದಲ್ಲಿ ಉಳಿದಿವೆ. ಅವುಗಳನ್ನು ಎದುರು ಕುಳಿತು ಕೇಳಿದವರ ನೆನಪು ಎಲ್ಲಿಯೂ ಮುದ್ರಿತವಾಗಿಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆ ಉತ್ಪಾದನೆಯನ್ನು ನಿಲ್ಲಿಸಿದ ಮೇಲೆ ಅಲ್ಲಿನ ವಸತಿಗಳ ಕುಟುಂಬಗಳು ಚದುರಿವೆ. ಹಬ್ಬದ ವೇದಿಕೆಗಳ ಮುಂದೆ ನೆಲದ ಮೇಲೆ ಕುಳಿತು ಕೇಳಿದ ಆ ತಲೆಮಾರಿಗೆ ಈಗ ವಯಸ್ಸಾಗಿದೆ. ಜನಪದ ಗೀತೆಗಳ ಸಂಗ್ರಹಕ್ಕೆ ಹಳ್ಳಿಹಳ್ಳಿ ಸುತ್ತಿದ ಕನ್ನಡ ವಿಭಾಗಗಳ ಕ್ಷೇತ್ರಕಾರ್ಯದ ಕ್ರಮವನ್ನು ಇಲ್ಲಿಗೂ ಅನ್ವಯಿಸಲು ಅಡ್ಡಿಯಿಲ್ಲ. ಯಾವ ಹಾಡನ್ನು ಮತ್ತೆ ಹಾಡಿಸಿದರು, ಎಲ್ಲಿ ಸಿಳ್ಳೆ ಬಿತ್ತು, ಯಾವ ಚರಣಕ್ಕೆ ಸಭೆ ಸುಮ್ಮನಾಯಿತು ಎಂದು ಕೇಳಿ ಬರೆದುಕೊಳ್ಳುವ ಸಂಶೋಧಕನಿಗೆ ಶಂಕರಘಟ್ಟದ ವಿಶ್ವವಿದ್ಯಾಲಯದಿಂದ ಭದ್ರಾವತಿಯ ಆ ಬೀದಿಗಳು ದೂರವೇನೂ ಇಲ್ಲ.