ಕೂದಲು ಬೋಳಿಸಿದ ಬೆಕ್ಕಿಗೆ ಡೆಟ್ಟಾಲ್ ಹಚ್ಚಬೇಡಿ

ಮಳೆಗಾಲ ಬಂತೆಂದರೆ ಪರ್ಷಿಯನ್ ಬೆಕ್ಕು ಸಾಕಿದ ಮನೆಗಳಲ್ಲಿ ತಲೆಬಿಸಿ ಶುರು. ಉದ್ದ ಕೂದಲು ಬೇಗ ಒಣಗುವುದಿಲ್ಲ. ನಾಲ್ಕು ದಿನ ಬಾಚದೆ ಬಿಟ್ಟರೆ ಕಂಕುಳು, ಹೊಟ್ಟೆಯಡಿ, ತೊಡೆಸಂದಿಯಲ್ಲಿ ಜಡೆಗಟ್ಟಿ ಉಂಡೆಯಾಗ್ತದೆ. ಕೊನೆಗೆ ಮೆಷಿನ್ ಹಿಡಿದು ಬೋಳಿಸುವುದೇ ದಾರಿ. ಆದರೆ ಬೆಕ್ಕಿನ ಚರ್ಮ ಬಹಳ ತೆಳು. ಬ್ಲೇಡ್ ಬಿಸಿಯಾಗಿದ್ದರೆ, ಮೊಂಡಾಗಿದ್ದರೆ ಅಥವಾ ಒಂದೇ ಜಾಗದಲ್ಲಿ ಮೂರು ಸಲ ಎಳೆದರೆ ಕೆಂಪಾಗಿ ಉರಿ ಏಳ್ತದೆ. ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ ಬೆಕ್ಕಿನ ಹೊಟ್ಟೆಯಲ್ಲೂ ಹೀಗಾಗುವುದುಂಟು.

ಉರಿಗಿಂತ ದೊಡ್ಡ ಉಪದ್ರ ಅದರ ನಾಲಿಗೆ. ಬೆಕ್ಕಿನ ನಾಲಿಗೆ ತುಂಬ ಸಣ್ಣ ಸಣ್ಣ ಕೊಕ್ಕೆಗಳು. ಉರಿಯುವ ಜಾಗವನ್ನು ಅದು ನೆಕ್ಕಿ ನೆಕ್ಕಿಯೇ ಗಾಯ ಮಾಡಿಕೊಳ್ತದೆ. ಹಾಗಾಗಿ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕಲೇಬೇಕು. ಪಾಪ ಎಂದು ಉಮ್ಮಂದಿರು ಅದನ್ನು ಬಿಚ್ಚಿಬಿಡ್ತಾರೆ. ಬೆಕ್ಕನ್ನು ಕಟ್ಟಿಹಾಕಿ ಶಿಕ್ಷೆಗೊಳಗಾದ ಹೆಂಗಸಿನ ಹದೀಸ್ ನೆನಪಾಗ್ತದೋ ಏನೋ! ಆಕೆ ಅದಕ್ಕೆ ತಿನ್ನಲೂ ಕೊಡಲಿಲ್ಲ, ಹುಡುಕಿ ತಿನ್ನಲು ಬಿಡಲೂ ಇಲ್ಲ. ಇದು ಚಿಕಿತ್ಸೆ. ತಿನ್ನುವಾಗ ಬಿಚ್ಚಿ, ಎದುರು ಕೂತು ನೋಡಿಕೊಂಡು, ಮತ್ತೆ ಹಾಕಿದರಾಯಿತು.

ಮೆತ್ತನೆಯ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ, ಕೆಂಪಾದ ಜಾಗಕ್ಕೆ 5 ನಿಮಿಷ ಇಡಿ, ದಿನಕ್ಕೆ ಎರಡು ಮೂರು ಸಲ. ಉಜ್ಜಬೇಡಿ. ಐಸ್ ನೇರವಾಗಿ ಇಡಬೇಡಿ. ಹೊಲಿಗೆ ಇದ್ದರೆ ನೀರು ತಾಗಿಸಲೇಬೇಡಿ. ಮಲಗುವ ಬಟ್ಟೆ ದಿನಾ ಬದಲಿಸಿ. ಬಿಸಿಲಿಗೆ ಬಿಡಬೇಡಿ, ಬಿಳಿ ಬೆಕ್ಕನ್ನಂತೂ ಬೇಡವೇ ಬೇಡ.

ನಮ್ಮಲ್ಲಿ ಯಾವ ಗಾಯಕ್ಕೂ ಮೊದಲು ಡೆಟ್ಟಾಲ್ ಬಾಟಲಿಗೇ ಕೈ ಹೋಗುವುದು. ಬೆಕ್ಕಿಗೆ ಅದು ವಿಷ. ಅದರ ಲಿವರ್‌ಗೆ ಅಂಥ ರಾಸಾಯನಿಕ ಕರಗಿಸುವ ಶಕ್ತಿ ಕಡಿಮೆ, ಹಚ್ಚಿದ್ದೆಲ್ಲ ನೆಕ್ಕಿ ಹೊಟ್ಟೆಗೇ ಹೋಗ್ತದೆ. ಝಿಂಕ್ ಇರುವ ಮಕ್ಕಳ ಕ್ರೀಮ್, ಟೀ ಟ್ರೀ ಎಣ್ಣೆ, ನಾಯಿಯ ಉಣ್ಣಿ ಔಷಧಿ ಇವು ಯಾವುದೂ ಬೇಡ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡುವವರೂ ಇದ್ದಾರೆ ಮಾರಾಯ್ರೆ! 500 ಮಿಲಿಗ್ರಾಮಿನ ಒಂದೇ ಮಾತ್ರೆ ದೊಡ್ಡ ಬೆಕ್ಕಿನ ಜೀವ ತೆಗೆಯಲು ಸಾಕು. ತೆಂಗಿನೆಣ್ಣೆ ವಿಷವಲ್ಲ, ಆದರೆ ನೆಕ್ಕಿದರೆ ಭೇದಿ.

ಎರಡು ಮೂರು ದಿನದಲ್ಲಿ ಕೆಂಪು ಇಳಿಯಬೇಕು. ಕೀವು, ವಾಸನೆ, ಊತ ಕಂಡರೆ, ಅಥವಾ ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಪಶುವೈದ್ಯರಲ್ಲಿಗೆ ಹೋಗಿ. ದಪ್ಪ ಬೆಕ್ಕು ಉಪವಾಸ ಬಿದ್ದರೆ ಲಿವರ್ ಕೆಡ್ತದೆ. ದುಂಡಗೆ ಕೂದಲುದುರಿ ಹೊಟ್ಟು ಏಳುತ್ತಿದ್ದರೆ ಅದು ಮೆಷಿನ್ನಿನ ಉರಿಯಲ್ಲ, ಹುಳುಕಡ್ಡಿ ಇರಬಹುದು. ಅದು ಮಕ್ಕಳಿಗೂ ಹರಡ್ತದೆ. ಮಕ್ಕಳ ಕೈ ಕುತ್ತಿಗೆಯನ್ನೂ ಒಮ್ಮೆ ನೋಡಿ.

ಮದರಸದಲ್ಲಿ ಮಕ್ಕಳು ಕೇಳುವುದುಂಟು, "ಉಸ್ತಾದ್, ಬಟ್ಟೆಯಲ್ಲಿ ಬೆಕ್ಕಿನ ಕೂದಲಿದ್ದರೆ ನಮಾಝ್ ಆಗ್ತದಾ?" ಬೆಕ್ಕು ನಜಸ್ ಅಲ್ಲ, ಅದರ ಎಂಜಲೂ ಅಲ್ಲ. ಆದರೆ ನಮ್ಮ ಶಾಫಿಈ ಮದ್‌ಹಬ್‌ನಲ್ಲಿ, ಜೀವಂತ ಬೆಕ್ಕಿನ ಮೈಯಿಂದ ಬೇರ್ಪಟ್ಟ ಕೂದಲು ನಜಸ್. ಒಂದೆರಡು ಎಳೆಗೆ ಮಾಫ್ ಉಂಟು. ಬೋಳಿಸಿದ ದಿನ ಮೈತುಂಬ ಕೂದಲಾಗಿರ್ತದೆ, ಅಂದು ಬಟ್ಟೆ ಬದಲಿಸಿಯೇ ನಮಾಝಿಗೆ ನಿಲ್ಲಿ.

ಉದ್ದ ಕೂದಲು ಮೊದಲಿನಂತಾಗಲು ಆರು ತಿಂಗಳೂ ಹಿಡಿಯಬಹುದು. ಸಯಾಮೀಸ್ ಜಾತಿಯದ್ದಾದರೆ ಬೋಳಿಸಿದ ಜಾಗದಲ್ಲಿ ಕೂದಲು ಕಪ್ಪಗೆ ಬರುವುದುಂಟು. ಅದು ರೋಗವಲ್ಲ, ಚರ್ಮ ತಣ್ಣಗಾದದ್ದಕ್ಕೆ ಹಾಗೆ.